ಏಳು ಗಂಟೆಯ ಕೂಗಿನ ಹಿಂದೆ ಜೂಲಿಯಾ

ಬೆಳಗಿನ ನಾಲ್ಕೂವರೆ. ಸ್ಲೇನಿ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಜಾಮ್ ಕಾರ್ಖಾನೆಯ ಹಿಂಬದಿ, ಆರು ಮೆಟ್ಟಿಲು ಕೆಳಗಿರುವ ಬಾಯ್ಲರ್ ಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹಿಟ್ಟಿನ ಚೀಲದಿಂದ ಕತ್ತರಿಸಿದ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡು, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ. ಒಲೆಯ ಕಬ್ಬಿಣದ ಬಾಗಿಲು ತೆರೆಯುತ್ತದೆ. ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ, ಅವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಸಲಿಕೆ ಬೀಸುವ ಕೊನೆಗಳಿಗೆಯಲ್ಲಿ ಮಣಿಕಟ್ಟು ಚೂರೇ ಚೂರು ತಿರುಗುತ್ತದೆ. ಕಲ್ಲಿದ್ದಲು ರಾಶಿಯಾಗಿ ಬೀಳದೆ ಬೆಂಕಿಯ ತುಂಬ ತೆಳ್ಳಗೆ ಹರಡಿಕೊಳ್ಳುತ್ತದೆ. ಆರು ಸಲಿಕೆ ಆದ ಮೇಲೆ ಬಾಗಿಲು ಮುಚ್ಚುತ್ತದೆ. ಅಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ ಎಂದು ಆಮೇಲೆ ಗೊತ್ತಾಗುತ್ತದೆ.

"ಬಾಯಲ್ಲಿ ಬಟ್ಟೆ ಯಾಕೆ ಅಂತೀರಾ ಪೇಪರಿನವ್ರೇ?" ಜೂಲಿಯಾ ಫರ್ಲಾಂಗ್ ಬೆವರು ಒರೆಸಿಕೊಳ್ಳುತ್ತಾರೆ. "ಬಾಗ್ಲು ತೆಗ್ದಾಗ ಬಾಯ್ಬಿಟ್ಕೊಂಡು ಉಸಿರು ಎಳ್ಕೊಂಡ್ರೆ ಎದೆ ಸುಟ್ಟೋಗತ್ತೆ. ಹಡಗಿನ ಒಲೆಗೆ ಕಲ್ಲಿದ್ದಲು ಹಾಕೋ ಫೈರ್‌ಮನ್‌ಗಳು ಹೀಗೇ ಮಾಡೋದು. ನಿನ್ನಂಥ ಮಾತಿನಮಲ್ಲಿಗೆ ಹೇಳಿ ಮಾಡ್ಸಿದ ಕೆಲ್ಸ ಕಣೇ ಅಂತಿದ್ದ ನನ್ನ ಗಂಡ."

ನಮ್ಮ ಬಂದರೂರು ವೆಕ್ಸ್‌ಫರ್ಡಿನಲ್ಲಿ ಏಳು ಗಂಟೆಗೆ ಈ ಕಾರ್ಖಾನೆಯ ಹಬೆಯ ಸೀಟಿ ಕೂಗುತ್ತದೆ. ಪಾದ್ರಿಗಳ ಗಡಿಯಾರದಿಂದ ಹಿಡಿದು ಹೆಂಡದಂಗಡಿಯ ಗಡಿಯಾರದವರೆಗೆ ಎಲ್ಲವೂ ಅದಕ್ಕೇ ಸರಿಹೊಂದುತ್ತವೆ. ಆ ಕೂಗಿಗೆ ಎದ್ದು, ಆ ಜಾಮನ್ನೇ ಬ್ರೆಡ್ಡಿಗೆ ಬಳಿದುಕೊಂಡು ಬೆಳೆದ ನನಗೆ, ಅದರ ಹಬೆಯನ್ನು ಹೆಣ್ಣೊಬ್ಬಳು ಎಬ್ಬಿಸುತ್ತಾಳೆಂದು ಮೊನ್ನೆ ಮೊನ್ನೆಯವರೆಗೆ ತಿಳಿದಿರಲಿಲ್ಲ. ನಾಚಿಕೆಯಾಗುತ್ತದೆ. ಎಂಟು ನಿಮಿಷಕ್ಕೊಮ್ಮೆ ಬಾಗಿಲು, ದಿನಕ್ಕೆ ಮೂವತ್ತು ತಳ್ಳುಗಾಡಿ ಕಲ್ಲಿದ್ದಲು. ಕುಡಿಯಲು ಓಟ್ಸ್ ಹಿಟ್ಟು ಕದಡಿದ ನೀರು, ಇಲ್ಲದಿದ್ದರೆ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಅವರು ಇಲ್ಲಿಗೆ ಸೇರಿದ ಹದಿನೈದು ವರ್ಷದಲ್ಲಿ ಕೂಗು ಒಂದು ದಿನವೂ ತಡವಾಗಿಲ್ಲ.

ಕೆಲಸ ಕಲಿಸಿದವನು ಅವರ ಗಂಡ ಮೈಲ್ಸ್, ಲಿವರ್‌ಪೂಲ್ ಹಡಗುಗಳ ಫೈರ್‌ಮನ್. ಕಲಿಸಿದ್ದು ಅಡುಗೆಮನೆಯಲ್ಲಿ. ಒಲೆಯ ಸಲಿಕೆಯಲ್ಲಿ ಒಣ ಬಟಾಣಿ ಹಿಡಿದು ನೆಲದ ಮೇಲೆ ಬೀಸಬೇಕು, ಒಂದು ಕಾಳು ಇನ್ನೊಂದಕ್ಕೆ ತಾಗಬಾರದು. ಅದು ಗಂಡಹೆಂಡಿರ ಸಂಜೆಯ ಆಟ. "ಸೋತೋರು ಕಾಳು ಆರಿಸ್ಬೇಕು. ಮದುವೆಯಾದ ಮೊದಲ್ನೇ ವರ್ಷ ಪೂರ್ತಿ ನಾನೇ ಆರಿಸ್ದೆ. ಎರಡನೇ ವರ್ಷ ಅವನು ಮಂಡಿಯೂರಿದ."

ಹದಿನೆಂಟು ವರ್ಷದ ಹಿಂದಿನ ಜನವರಿಯಲ್ಲಿ ಮಗಳು ಸ್ಟೇಸಿಯಾ ಹುಟ್ಟಿದಳು. ಹೆರಿಗೆ ಎರಡು ದಿನ ಎಳೆಯಿತು. ಹೆಂಡತಿಯ ಕೈ ಬಿಟ್ಟು ಹೋಗಲಾರದೆ ಮೈಲ್ಸ್ ಹಡಗು ತಪ್ಪಿಸಿಕೊಂಡ. ಕ್ಯಾಪ್ಟನ್ ಅವನ ನಡತೆಯ ಪುಸ್ತಕದಲ್ಲಿ ಕೆಟ್ಟ ಮುದ್ರೆ ಒತ್ತಿಸಿದ. ಆ ಮುದ್ರೆ ಬಿದ್ದವನನ್ನು ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಬಂದರಿನ ಜನ ಇದಕ್ಕೆ ಕಂಡುಕೊಂಡ ದಾರಿ ಒಂದೇ, ಇನ್ನೊಬ್ಬನ ಪುಸ್ತಕ. ಪಕ್ಕದ ಮನೆಯ ನಿಕ್ ಸ್ಕ್ಯಾಲನ್‌ಗೆ ಥಾರ್ನ್‌ಬೆಕ್ ಎಂಬ ಹಡಗಿನಲ್ಲಿ ಕೆಲಸ ಸಿಕ್ಕಿತ್ತು. ಹೊರಡುವ ಹೊತ್ತಿಗೆ ಅವನು ಜ್ವರ ಎಂದು ಮಲಗಿಬಿಟ್ಟ. ಅವನ ಪುಸ್ತಕ ಜೇಬಿಗಿಟ್ಟುಕೊಂಡು, ಅವನ ಹೆಸರಿನಲ್ಲಿ ಮೈಲ್ಸ್ ಹೊರಟ. ಫೆಬ್ರವರಿಯಲ್ಲಿ ಥಾರ್ನ್‌ಬೆಕ್ ಅಟ್ಲಾಂಟಿಕ್‌ನ ನಡುವೆ ಮುಳುಗಿತು. ಒಲೆಯ ಮುಂದಿದ್ದವರಲ್ಲಿ ಒಬ್ಬನೂ ಮೇಲೆ ಬರಲಿಲ್ಲ.

ಕಂಪನಿಯ ಸಂತಾಪದ ಕಾಗದ ಸ್ಕ್ಯಾಲನ್ ಮನೆಗೆ ಬಂತು. 'ನಿಮ್ಮ ಮಗ ನಿಕೋಲಸ್' ಎಂದು ತಾಯಿ ಓದುವಾಗ ನಿಕೋಲಸ್ ಎದುರಿಗೇ ಕೂತು ಆಲೂಗಡ್ಡೆ ತಿನ್ನುತ್ತಿದ್ದ. ಜೂಲಿಯಾ ಬರೆದ ಪತ್ರಗಳಿಗೆಲ್ಲ ಒಂದೇ ಉತ್ತರ: ಮೈಲ್ಸ್ ಫರ್ಲಾಂಗ್ ಎಂಬ ಮನುಷ್ಯ ನಮ್ಮ ಹಡಗಿನಲ್ಲಿ ಇರಲೇ ಇಲ್ಲ.

ಕಾಗದದಲ್ಲಿ ಸತ್ತ ನಿಕ್‌ಗೆ ಆಮೇಲೆ ಹಡಗೂ ಇಲ್ಲ. ಈಗ ಅವರು ಇದೇ ಬಾಯ್ಲರಿಗೆ ಕಲ್ಲಿದ್ದಲು ತಳ್ಳುತ್ತಾರೆ. ಊರಿಗೆಲ್ಲ ಅವರು 'ತೀರಿಕೊಂಡ ನಿಕ್'.

"ಬಂದ್ಯಾ ದೆವ್ವ?" ಎಂದು ಜೂಲಿಯಾ ಕೇಳುತ್ತಾರೆ.

"ದೆವ್ವಕ್ಕೆ ಸೊಂಟ ನೋಯತ್ತೇನೇ ತಾಯಿ?" ನಿಕ್ ಗಾಡಿ ಮಗುಚುತ್ತಾರೆ. "ಸತ್ತೋರಿಗೆ ಯಾರಾದ್ರೂ ಹೀಗೆ ಕೆಲ್ಸ ಕೊಡ್ತಾರಾ?"

ನಗುತ್ತಲೇ ಇದ್ದರೂ ಈ ವಾರ ಇಬ್ಬರಿಗೂ ನೆಮ್ಮದಿಯಿಲ್ಲ. ಸಮುದ್ರದಲ್ಲಿ ಹೋದ ಊರಿನವರಿಗಾಗಿ ಬಂದರಿನಲ್ಲಿ ನೆನಪಿನ ಕಲ್ಲು ನಿಲ್ಲುತ್ತಿದೆ. ಮೂವತ್ತು ಹೆಸರು ಕೆತ್ತಿಯಾಗಿದೆ. ಮೂವತ್ತೊಂದನೆಯದನ್ನು ಕೆತ್ತುವುದು ಶುಕ್ರವಾರ. ಹಡಗಿನ ಪಟ್ಟಿಯ ಪ್ರಕಾರ ಅದು ನಿಕೋಲಸ್ ಸ್ಕ್ಯಾಲನ್. ಕಲ್ಲು ನಿಲ್ಲಿಸುವ ಸಮಿತಿಯ ಡೆವರೋ ಮೇಷ್ಟ್ರನ್ನು ಕೇಳಿದೆ. "ಸತ್ಯ ಊರಿಗೆಲ್ಲ ಗೊತ್ತಪ್ಪಾ, ಆದ್ರೆ ಕಲ್ಲಿಗೆ ಕಾಗದ ಬೇಕಲ್ಲ. ನಿಕ್ ತಾನು ಯಾಕೆ ಹೋಗ್ಲಿಲ್ಲ ಅಂತ ಸ್ವಂತ ಕೈಯಲ್ಲಿ ಬರ್ದು ಕೊಡ್ಲಿ, ಬದಲಾಯಿಸ್ತೀನಿ" ಎಂದರು. ನಿಕ್ ಮಾತ್ರ ಆ ಮಾತು ಬಂದರೆ ಗಾಡಿ ತಳ್ಳಿಕೊಂಡು ಹೊರಗೆ ಹೋಗಿಬಿಡುತ್ತಾರೆ. ಪುಸ್ತಕ ಕೊಟ್ಟದ್ದಕ್ಕೆ ಜೈಲಿಗೆ ಹಾಕುತ್ತಾರೆ ಎಂದು ಗೊಣಗುತ್ತಾರೆ.

"ನಾನು ಕೇಳಲ್ಲ. ಕೇಳಿ ಬರೆಸ್ಕೊಂಡ್ರೆ ಅದು ನನ್ನ ಬರಹ ಆಗತ್ತೆ" ಎನ್ನುವ ಜೂಲಿಯಾ ಹಬೆಯ ಒತ್ತಡ ತೋರಿಸುವ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ.

ಮಹಡಿಯಲ್ಲಿ, ಅದೇ ಹಬೆಯಲ್ಲಿ ಸ್ಟ್ರಾಬೆರಿ ಕುದಿಸುವವಳು ಸ್ಟೇಸಿಯಾ. ಅಪ್ಪನ ಉದ್ದ ಕೈ ಅವಳದು. "ನಾನು ಎರಡು ದಿನ ಮೊದ್ಲೇ ಹುಟ್ಟಿದ್ದಿದ್ರೆ ಅಪ್ಪ ತನ್ನ ಹಡಗಲ್ಲಿ, ತನ್ನ ಹೆಸರಲ್ಲಿ ಹೋಗಿರ್ತಿದ್ದ" ಎನ್ನುತ್ತಾಳೆ. ಹದಿನೆಂಟರ ಹುಡುಗಿ ಆ ಭಾರ ಹೊತ್ತು ತಿರುಗುತ್ತಾಳೆ.

ಶುಕ್ರವಾರ ನಾನು ಮತ್ತೆ ಆರು ಮೆಟ್ಟಿಲು ಇಳಿಯುತ್ತೇನೆ. ನಿನ್ನೆಯ ಕಲ್ಲಿದ್ದಲಿನ ರಾಶಿ ಇದೆ, ಆದರೆ ನಿಕ್ ಇಲ್ಲ. ಜೂಲಿಯಾ ಒಲೆ ನೋಡಿಕೊಳ್ಳುತ್ತಾರೆ. ಆರೂ ಮುಕ್ಕಾಲಿಗೆ ನಿಕ್ ಬರುತ್ತಾರೆ. ಗಾಡಿಯಿಲ್ಲ, ಮೈಮೇಲೆ ಭಾನುವಾರದ ಕೋಟು.

"ನಿನ್ನೆ ಸಂಜೆ ಮೇಷ್ಟ್ರಿಗೆ ಬರ್ದು ಕೊಟ್ಟೆ. ಬೆಳಿಗ್ಗೆ ಕಲ್ಲುಕುಟಿಗನ ಪಕ್ಕದಲ್ಲೇ ನಿಂತಿದ್ದೆ. ಸೀಮೆಸುಣ್ಣದಲ್ಲಿ ಗುರುತು ಹಾಕ್ದ. ಮೈಲ್ಸ್ ಫರ್ಲಾಂಗ್, ಫೈರ್‌ಮನ್. ಉಳಿ ಇಟ್ಟ ಮೇಲೇ ಬಂದೆ."

ಸಲಿಕೆ ನಿಲ್ಲುತ್ತದೆ.

"ಇನ್ನೂ ಒಂದು ಬರ್ದೆ, ಜೂಲಿಯಾ." ನಿಕ್ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾರೆ. "ನಂಗೆ ಜ್ವರ ಇರ್ಲಿಲ್ಲ. ಸಮುದ್ರಕ್ಕೆ ಹೆದ್ರಿದ್ದೆ. ಜೈಲಿನ ಭಯ ಅಲ್ಲ, ಇದನ್ನ ಬರಿಯೋಕೇ ಕೈ ಬರ್ತಿರ್ಲಿಲ್ಲ."

"ಗೊತ್ತು. ಅವತ್ತೇ ನಿನ್ನ ಹಣೆ ಮುಟ್ಟಿದ್ನಲ್ಲ, ತಣ್ಣಗಿತ್ತು."

"ಗೊತ್ತಿದ್ದೂ ಇಷ್ಟು ವರ್ಷ..."

"ಮೈಲ್ಸ್‌ಗೂ ಗೊತ್ತಿತ್ತು ಕಣೋ ಮಾರಾಯ. ಹೆದರ್ಕೊಂಡಿರೋನನ್ನ ಬೆಂಕಿ ಮುಂದೆ ನಿಲ್ಲಿಸ್ಬಾರ್ದು, ನಾನು ಹೋಗ್ತೀನಿ ಅಂದ."

ನಿಕ್ ಕಲ್ಲಿದ್ದಲಿನ ರಾಶಿಯ ಮೇಲೆ, ಒಳ್ಳೆಯ ಕೋಟಿನಲ್ಲೇ, ಕುಸಿದು ಕೂರುತ್ತಾರೆ. ಜೂಲಿಯಾ ಕೊರಳ ಬಟ್ಟೆ ಬಿಚ್ಚಿ ಅವರ ಕೈಗೆ ಕೊಡುತ್ತಾರೆ, ತಾವು ಸಲಿಕೆಯ ಹಿಡಿಗೆ ಹಣೆ ಒತ್ತಿ ನಿಲ್ಲುತ್ತಾರೆ. ಎಂಟು ನಿಮಿಷ ಆಗುತ್ತದೆ, ಹತ್ತಾಗುತ್ತದೆ. ಹಬೆಯ ಮುಳ್ಳು ಇಳಿಯುವುದು ನನಗೆ ಕಾಣುತ್ತಿದೆ. ಹೇಳುವ ಧೈರ್ಯ ನನಗಿಲ್ಲ.

ಅಂದು ವೆಕ್ಸ್‌ಫರ್ಡಿನಲ್ಲಿ ಏಳರ ಕೂಗು ಏಳು ಗಂಟೆ ನಾಲ್ಕು ನಿಮಿಷಕ್ಕೆ ಆಯಿತು. ಮೇಲ್ವಿಚಾರಕರು ಮೆಟ್ಟಿಲ ಮೇಲಿಂದ ಬಗ್ಗಿ ಕೇಳುತ್ತಾರೆ: "ಏನಾಯ್ತು ಮಿಸೆಸ್ ಫರ್ಲಾಂಗ್? ಕಲ್ಲಿದ್ದಲು ಕೆಟ್ಟದ್ದಿತ್ತಾ?"

ಜೂಲಿಯಾ ಒಲೆಯ ಬಾಗಿಲು ಮುಚ್ಚಿ ತಲೆಯೆತ್ತುತ್ತಾರೆ.

"ಕಲ್ಲಿದ್ದಲು ಚೆನ್ನಾಗೇ ಇದೆ ಸ್ವಾಮಿ. ಹದಿನೆಂಟು ವರ್ಷ ಆದ್ಮೇಲೆ ಗಂಡ ಮನೆಗೆ ಬಂದ. ನಾಲ್ಕು ನಿಮಿಷ ತಡ ಆಗಲ್ವಾ?"