ಆರ್ವೋನ ಹಿಂದೆ ಯಾರೂ ಇಳಿಯಲಿಲ್ಲ

ಆರ್ವೋ ಲಹ್ತಿನೆನ್‌ಗೆ ಮರ್ಯಾದೆ ಕೊಡುತ್ತೇವೆಂದು ನಮ್ಮೂರ ಗಂಡಸರು ಮಾಡಿದ ಕೆಲಸ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಮರ್ಯಾದೆಯಂತೆ ಮರ್ಯಾದೆ! ಅದರ ಬದಲು ಕೆನ್ನೆಗೆ ಎರಡು ಬಿಟ್ಟಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಆರ್ವೋ ಈ ವಾಷಿಂಗ್ಟನ್ ರಾಜ್ಯದ ಕರಾವಳಿಯ ಮರದ ಮಿಲ್ಲಿನಲ್ಲಿ ಗರಗಸ ಮಸೆಯುತ್ತ ಮುದುಕನಾದವನು. ಹೊಟ್ಟೆಪಾಡಿಗೆ ಮಿಲ್ಲು, ಉಸಿರಾಡಲು ಹೊಳೆ. ಜನವರಿಯಲ್ಲಿ ಸ್ಟೀಲ್‌ಹೆಡ್ ಮೀನು ಸಮುದ್ರ ಬಿಟ್ಟು ಹೊಳೆ ಹತ್ತುವಾಗ ಇವನು ಸೊಂಟದುದ್ದ ನೀರಿನಲ್ಲಿ ನಿಂತಿರುತ್ತಿದ್ದ. ಗಾಳದ ಕೋಲಿನಲ್ಲಿ ದಾರ ಹಾಯುವ ಉಂಗುರಗಳಿಗೆ ಮಂಜು ಕಟ್ಟಿದರೆ ಬಾಯಲ್ಲಿಟ್ಟು ಕರಗಿಸುತ್ತಿದ್ದ. ವಸಂತದಲ್ಲಿ ಮೀನು ಮೊಟ್ಟೆಯಿಡುವ ಕಾಲ, ಯಾರೂ ಗಾಳ ಹಾಕುವಂತಿಲ್ಲ. ಆಗ ಅಡುಗೆಮನೆಯ ಮೇಜಿನ ಮೇಲೆ ಮೀನಿಗೆ ಹುಳುವಿನಂತೆ ಕಾಣಲೆಂದು ಗಾಳಗಳಿಗೆ ಗರಿ ಕಟ್ಟುತ್ತ ಕೂರುತ್ತಿದ್ದ. ಹೆಂಡತಿ ಐಲಿ ಬೇಯಿಸಿದ ಸಿಹಿ ಬ್ರೆಡ್ಡಿನಲ್ಲಿ ಕೋಳಿಪುಕ್ಕ ಸಿಗುತ್ತಿತ್ತು. ಬೇಸಿಗೆಯಲ್ಲಿ ನೀರು ತಿಳಿಯಾದಾಗ ಮೀನಿಗೆ ನೆರಳು ಕಾಣಬಾರದೆಂದು ಮಂಡಿಯೂರಿ ಗಾಳ ಎಸೆಯುತ್ತಿದ್ದ. ಶರತ್ಕಾಲದ ಮೊದಲ ಮಳೆಗೆ ಹೊಳೆ ಉಬ್ಬಿತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

"ಸವತಿ ಇದ್ದಿದ್ರೆ ಜಡೆ ಹಿಡಿದು ಎಳೀತಿದ್ದೆ. ಈ ಹೊಳೇನ ಎಲ್ಲಿ ಅಂತ ಹಿಡೀಲಿ ಲೆಂಪಿ?" ಎಂದು ಐಲಿ ನನ್ನೆದುರು ಗೊಣಗುತ್ತಿದ್ದಳು. ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಅವನು ಮುದ್ದಿಸಿ ಮತ್ತೆ ನೀರಿಗೇ ಬಿಟ್ಟು ಬರುತ್ತಿದ್ದ ಬೇರೆ.

ನಮ್ಮ ಹೊಳೆಗೆ ಒಂದೇ ನಿಯಮ. ಮಡುವಿನ ತಲೆಯಿಂದ, ಅಂದರೆ ಮೇಲ್ತುದಿಯಿಂದ, ಇಳಿಯಬೇಕು. ಒಮ್ಮೆ ಎಸೆದರೆ ಎರಡು ಹೆಜ್ಜೆ ಕೆಳಕ್ಕೆ ಹೋಗಬೇಕು. ನಿಮ್ಮ ಹಿಂದೆ ಇನ್ನೊಬ್ಬರು ಇಳಿದು ನಿಮ್ಮನ್ನು ಮುಂದಕ್ಕೆ ತಳ್ಳುತ್ತ ಬರುತ್ತಾರೆ, ಕೈಯಲ್ಲಲ್ಲ, ತಾವೂ ಎರಡೆರಡು ಹೆಜ್ಜೆ ಇಡುತ್ತ. ಹಾಗಾದರೆ ಮಾತ್ರ ಎಲ್ಲರಿಗೂ ಎಲ್ಲ ನೀರೂ ಸಿಗುತ್ತದೆ. ಈ ನಿಯಮಕ್ಕೆ ಆರ್ವೋ ಕಾವಲು ನಾಯಿ. ಒಂದೇ ಕಡೆ ನಿಂತವರಿಗೆ, ಅವರು ಪಾದ್ರಿಯಾಗಲಿ ಪೊಲೀಸಾಗಲಿ, ಮಂಗಳಾರತಿ ತಪ್ಪಿದ್ದಲ್ಲ. ಟಪಾಲು ಹಂಚಲು ಹೊಸದಾಗಿ ಬಂದಿದ್ದ ನನಗೂ ಆಗಿದೆ.

ಹೋದ ವರ್ಷ ಅವನ ಸೊಂಟದ ಕೀಲು ಸವೆಯಿತು. ಡಾಕ್ಟರು ಲೋಹದ್ದು ಕೂರಿಸಿದರು. ಆದರೂ ಮಡುವಿನ ನಡುವಿನ ದೊಡ್ಡ ಬಂಡೆಯವರೆಗೆ ಬರುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಅಲ್ಲಿ ಒರಗಿ ನಿಲ್ಲಬೇಕು.

ಒಂದು ಭಾನುವಾರ ಗಾಳ ಹಾಕುವವರೆಲ್ಲ ಸೇರಿ ಪ್ಯಾನ್‌ಕೇಕ್ ತಿನ್ನುವಾಗ ಬಣ್ಣದಂಗಡಿಯ ಕ್ಲೈಡ್ ಮಾತು ತೆಗೆದ. "ಪಾಪ, ಮುದುಕ ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೊಳ್ಳಲಿ ಬಿಡ್ರಪ್ಪ. ಅವನು ದಡಕ್ಕೆ ಬರೋವರೆಗೂ ಯಾರೂ ಇಳಿಯೋದು ಬೇಡ."

ಎಲ್ಲರೂ ತಲೆಯಾಡಿಸಿದರು. ಒಬ್ಬನಂತೂ ಕಣ್ಣೊರೆಸಿಕೊಂಡ!

"ಅವನೇನು ಸತ್ತಿದಾನಾ, ಈಗ್ಲೇ ಗೋರಿ ಕಟ್ಟೋಕೆ?" ಎಂದೆ.

"ನಿಂಗೆ ಕರುಳು ಅನ್ನೋದೇ ಇಲ್ವಲ್ಲೇ ಲೆಂಪಿ," ಎಂದ ಕ್ಲೈಡ್, ಸಿರಪ್ಪು ಸುರಿದುಕೊಳ್ಳುತ್ತ.

ಮುಂದಿನ ಶನಿವಾರ ಆರ್ವೋ ಬಂಡೆಗೊರಗಿ ಎಸೆದ ನೀರಿಗೇ ಮತ್ತೆ ಮತ್ತೆ ಎಸೆಯುತ್ತಿದ್ದ. ಈ ಮಹನೀಯರು ಐದೂ ಜನ ದಡದಲ್ಲಿ ಕಾಫಿ ಹೀರುತ್ತ, ಚರ್ಚಿನಲ್ಲಿದ್ದ ಹಾಗೆ ಪಿಸುಗುಡುತ್ತ ಕೂತಿದ್ದರು. ಆರ್ವೋ ಹಿಂತಿರುಗಿ ನೋಡಿದ. ಹಿಂದೆ ಬರೀ ನೀರು.

"ಯಾಕ್ರೋ, ಯಾರೂ ಇಳೀತಿಲ್ಲ?"

"ಅವಸರ ಏನಿಲ್ಲ ಆರ್ವೋ, ನಿಧಾನಕ್ಕೆ ಆಗ್ಲಿ," ಎಂದ ಕ್ಲೈಡ್, ಮಗುವಿಗೆ ಹೇಳುವಂತೆ.

ಆರ್ವೋನ ಮುಖ ಬಿಳುಚಿಕೊಂಡಿತು. ಒಬ್ಬರ ಹಿಂದೊಬ್ಬರು ಇಳಿಯುವ ಆ ಸಾಲಿನಲ್ಲಿ ತನ್ನ ಜಾಗ ಹೋಯಿತೆಂದು ಅವನಿಗೆ ಅರ್ಥವಾಗಿತ್ತು. ನನಗೆ ತಡೆಯಲಾಗಲಿಲ್ಲ. ಗಾಳದ ಕೋಲು ಹಿಡಿದು ಮಡುವಿನ ತಲೆಯಿಂದ ಇಳಿದೇಬಿಟ್ಟೆ.

"ಲೆಂಪಿ! ಬುದ್ಧಿ ಇದೆಯಾ ನಿಂಗೆ?" ಎಂದು ಕ್ಲೈಡ್ ಕೂಗಿದ. ಕೂಗಲಿ. ಎಸೆದೆ, ಎರಡು ಹೆಜ್ಜೆ. ಎಸೆದೆ, ಎರಡು ಹೆಜ್ಜೆ. ಬಂಡೆಯ ಹತ್ತಿರ ಬಂದು ಮುಟ್ಟಿದೆ.

"ಏನೇ, ತಳ್ತೀಯಾ?" ಎಂದ ಆರ್ವೋ.

"ಹೂಂ, ತಳ್ತೀನಿ. ನಡಿ, ಇಲ್ಲಾ ದಡ ಹತ್ತು."

ಅವನು ಕಾಲೆತ್ತಲು ನೋಡಿದ. ಕಾಲು ಏಳಲಿಲ್ಲ. ಇನ್ನೊಮ್ಮೆ ನೋಡಿದ. ಆಮೇಲೆ ದಾರ ಸುತ್ತಿಕೊಂಡು, ಊರುಗೋಲು ಊರುತ್ತ ದಡದ ಕಡೆ ತಿರುಗಿದ. ನಾನು ಕೈ ಕೊಡಲಿಲ್ಲ. ಕೊಟ್ಟಿದ್ದರೆ ಅದೇ ಕೋಲಿನಲ್ಲಿ ಬಾರಿಸುತ್ತಿದ್ದ.

ನಾನು ಬಂಡೆ ದಾಟಿ ಎರಡು ಹೆಜ್ಜೆ ಇಟ್ಟು ಎಸೆದೆ, ನೋಡಿ. ಮೀನು ಗಾಳ ಕಚ್ಚಿ ದಾರ ಜಗ್ಗಿತು. ಅವನು ಬೆಳಗಿನಿಂದ ತಲುಪಲಾಗದೆ ಒದ್ದಾಡಿದ ನೀರದು. ಎಂಥಾ ಮೀನು! ಅದನ್ನು ಕಾಲ ಬಳಿ ತಂದು ಗಾಳ ಬಿಡಿಸುವಾಗ ಸಂತೋಷವೇ ಆಗಲಿಲ್ಲ. ಈ ಹೊಳೆಗೆ ಕಣ್ಣಿಲ್ಲವೇ ಎಂದು ಅದರ ಮೇಲೂ ಕೋಪ ಬಂತು.

"ಅದು ಅವನ ಮೀನು, ನಾಚಿಕೆ ಆಗ್ಬೇಕು ನಿಂಗೆ!" ಎಂದ ಕ್ಲೈಡ್.

ಉತ್ತರ ಕೊಟ್ಟವನು ಆರ್ವೋ. ಅಷ್ಟರಲ್ಲಿ ಏದುಸಿರು ಬಿಡುತ್ತ ದಡದ ಮೇಲೆ ನಡೆದು ಸಾಲಿನ ಕೊನೆಗೆ, ಐದೂ ಜನರ ಹಿಂದೆ ಹೋಗಿ ನಿಂತಿದ್ದ. "ನಡೆದವಳದ್ದು ಮೀನು ಕಣೋ, ಪೆದ್ದ. ಕಾಫಿ ಚೆಲ್ಲಿ ಇಳಿ, ನಿನ್ನ ಸರದಿ."

"ನೀನೇ ಮೊದಲು ಇಳಿ ಆರ್ವೋ..."

"ಇಳೀತೀಯೋ, ನೂಕಲೋ?"

ಕ್ಲೈಡ್ ಇಳಿದ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಮೀನು ಸಿಕ್ಕವರೂ ದಡ ಹತ್ತಿ ಸಾಲಿನ ಕೊನೆಗೆ ಹೋಗಬೇಕು. ನಾನು ಆರ್ವೋನ ಹಿಂದೆ ಹೋಗಿ ನಿಂತೆ.

ಅವನ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಇಳಿದ. ಎಸೆದ. ಒಂದು ಹೆಜ್ಜೆ ಇಟ್ಟು, ತಡೆದು, ಇನ್ನೊಂದನ್ನು ಇಟ್ಟ. ನಾನು ಅವನ ಹಿಂದೆಯೇ ಇಳಿದು ಎಸೆದೆ. ನೀರು ಅವನ ತೊಡೆಗೆ ಬಡಿಯುತ್ತಿತ್ತು. ನಾನು ಹೆಜ್ಜೆ ಇಡದೆ, ನಿಂತಲ್ಲಿಂದಲೇ ಇನ್ನೊಮ್ಮೆ ಎಸೆದೆ. ಮತ್ತೊಮ್ಮೆ.

ಅವನು ತಿರುಗಿಯೂ ನೋಡದೆ ಗುಡುಗಿದ. "ಲೆಂಪಿ! ನೀನೂ ಶುರು ಮಾಡಿದ್ಯಾ? ಅಲ್ಲೇ ನಿಂತು ಏನು ಮಾಡ್ತಿದೀಯ? ಬಂದು ತಳ್ಳು!"

ನಾನು ಎರಡು ಹೆಜ್ಜೆ ಮುಂದಿಟ್ಟೆ.