ದುಬೈ ವಿಮಾನದಲ್ಲಿ ಕುಂಬ್ರದ ಗಂಜಿ

“ಅಕ್ಕ, ಸೂರ್ಯ ಮುಳುಗಿತಾ ಒಮ್ಮೆ ನೋಡಿ.”

ಕಳೆದ ವಾರ ಮಂಗಳೂರಿನಿಂದ ದುಬೈಗೆ ಹೋಗುವಾಗ ಪಕ್ಕದ ಸೀಟಿನ ಹಸನಬ್ಬರು ಇದನ್ನು ಎಷ್ಟು ಸಲ ಕೇಳಿದರೋ! ಕಿಟಕಿ ಸೀಟು ನನ್ನದು. ತಂಗಿಯ ಮನೆಗೆಂದು ಹೊರಟವಳಿಗೆ ಸೂರ್ಯನನ್ನು ಕಾಯುವ ಡ್ಯೂಟಿ ಬಿತ್ತು.

ರಂಜಾನ್ ತಿಂಗಳು. ಹಸನಬ್ಬರಿಗೆ ಉಪವಾಸ. ಊರು ಪುತ್ತೂರು ಹತ್ತಿರದ ಕುಂಬ್ರ, ಇಪ್ಪತ್ತು ವರ್ಷದಿಂದ ದುಬೈಯ ಬಟ್ಟೆಯಂಗಡಿಯಲ್ಲಿ ಕೆಲಸ. ನನ್ನದು ಗುತ್ತಿಗಾರು ಎಂದ ಕೂಡಲೇ “ಹಾಗಾದ್ರೆ ನಮ್ಮವರೇ!” ಎಂದು ಖರ್ಜೂರದ ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟರು. (ಗುತ್ತಿಗಾರಿನಿಂದ ವಿಮಾನ ನಿಲ್ದಾಣ ತಲುಪಲಿಕ್ಕೇ ನನಗೆ ಮೂರು ಗಂಟೆ ಹಿಡಿದಿತ್ತು. ಆ ರಸ್ತೆಯ ಸುದ್ದಿ ಈಗ ಬೇಡ.)

ವಾಚಿನಲ್ಲಿ ಆರು ಮುಕ್ಕಾಲು ಕಳೆಯಿತು. ಪುತ್ತೂರಿನ ಮಸೀದಿಗಳಲ್ಲಿ ಸಂಜೆಯ ಬಾಂಗ್ ಆಗಿರುತ್ತದೆ. ಹೊರಗೆ ನೋಡಿದರೆ ಸೂರ್ಯ ಕದಲುವ ಲಕ್ಷಣವೇ ಇಲ್ಲ. ಪಶ್ಚಿಮಕ್ಕೆ ಅವನ ಬೆನ್ನು ಹತ್ತಿ ಹೋಗುತ್ತಿದ್ದೇವಲ್ಲ, ಬೇಗ ಹೇಗೆ ಮುಳುಗಿಯಾನು? ಟಿಕೆಟ್‌ನಲ್ಲಿ ಮೂರೂವರೆ ಗಂಟೆಯ ಪ್ರಯಾಣ ಎಂದಿದೆ. ಉಪವಾಸ ಎಷ್ಟು ಉದ್ದವಾಗುತ್ತದೆ ಎಂದು ಯಾರಾದರೂ ಬರೆಯುತ್ತಾರಾ?

ಅವರ ತುಟಿ ಒಣಗಿತ್ತು. ನನಗೆ ಪಾಪ ಅನಿಸಿತು.

“ತಿನ್ನಿ ಮಾರಾಯ್ರೆ, ಊರಲ್ಲಿ ಟೈಮ್ ಆಯ್ತು.”

“ಊರಲ್ಲಿ ಆಯ್ತು. ಇಲ್ಲಿ ಸೂರ್ಯ ಉಂಟಲ್ಲ? ಪ್ರಯಾಣದಲ್ಲಿ ಉಪವಾಸ ಬಿಡ್ಲಿಕ್ಕೂ ಆಗ್ತದೆ, ಆಗುದಿಲ್ಲ ಅಂತ ಅಲ್ಲ. ನನ್ನದು ಎಂತ ಇಲ್ಲ ಅಕ್ಕ, ಅವಳದ್ದೇ ತಲೆಬಿಸಿ.”

ಅವಳು ಎಂದರೆ ಹೆಂಡತಿ ನಫೀಸ. ಕುಂಬ್ರದಲ್ಲಿ ಬಾಂಗ್ ಆದಾಗ ಆಕೆಗೆ ಒಂದು ಖರ್ಜೂರ, ಒಂದು ಲೋಟ ನೀರು, ಅಷ್ಟೇ. ಗಂಜಿ ಕುಡಿಯುವುದು ಗಂಟೆ ಕಳೆದು, ದುಬೈಯಲ್ಲಿ ಗಂಡನ ಉಪವಾಸವೂ ಮುಗಿದು ಫೋನ್ ಬಂದ ಮೇಲೆ. ಇಪ್ಪತ್ತು ವರ್ಷದಿಂದ ಇದೇ ಕ್ರಮ!

“ಈಗ ಅವಳಿಗೆ ಶುಗರ್ ಬೇರೆ ಉಂಟು. ಕಾಯ್ಬೇಡ ಅಂತ ಹೇಳಿ ಬಂದಿದ್ದೇನೆ. ಕೇಳುವ ಜನವಾ?”

ಆಮೇಲೆ ನಾನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸೂರ್ಯನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಇಳಿಯಲು ಅರ್ಧ ಗಂಟೆ ಇರುವಾಗ ಅವನು ಕೊನೆಗೂ ಮುಳುಗಿದ. “ಹೋಯ್ತು!” ಎಂದು ಕಿರುಚಿಯೇ ಬಿಟ್ಟೆ. ಹಸನಬ್ಬರು ಒಂದು ಖರ್ಜೂರ ಬಾಯಿಗಿಟ್ಟು, ಇನ್ನೊಂದನ್ನು ನನಗೆ ಕೊಟ್ಟರು.

ವಿಮಾನ ನೆಲ ಮುಟ್ಟಿತು. ಅವರ ದುಬೈ ಸಿಮ್‌ಗೆ ನೆಟ್‌ವರ್ಕೇ ಸಿಗಲಿಲ್ಲ. ತಂಗಿ ಹಾಕಿಸಿಕೊಟ್ಟಿದ್ದ ರೋಮಿಂಗ್ ಪ್ಯಾಕ್ ನನ್ನ ಫೋನಿನಲ್ಲಿತ್ತು, ಅವರ ಕೈಗೆ ಕೊಟ್ಟೆ. ಅರ್ಧ ರಿಂಗಿಗೇ ನಫೀಸ ಎತ್ತಿದರು! ಬ್ಯಾರಿ ಭಾಷೆಯಲ್ಲಿ ಏನೇನೋ ಮಾತಾಯಿತು. ನನಗೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ?

“ಎಂತ ಹೇಳಿದ್ರು?”

“ಗಂಜಿ ತಣ್ಣಗಾಗಿದೆಯಂತೆ, ಬಿಸಿ ಮಾಡಿ ಕುಡೀತಾಳಂತೆ. ಮತ್ತೆ ಲೇಟಾಯ್ತು ಅಂತ ನನಗೇ ಬೈದಳು!”

ಅದೇ ಹುರುಪಿನಲ್ಲಿ ನಾನೂ ಗುತ್ತಿಗಾರಿಗೆ ಫೋನ್ ಮಾಡಿದೆ. ಎರಡನೇ ಸಲ ಮಾಡಿದಾಗ ನಮ್ಮ ಯಜಮಾನರು ಎತ್ತಿದರು.

“ನಾನು ಮುಟ್ಟಿದೆ. ನಿಮ್ಮದು ಊಟ ಆಯ್ತಾ?”

“ಅದು ಆಗಿ ಗಂಟೆ ಒಂದಾಯ್ತು. ಒಳ್ಳೆ ನಿದ್ದೆ ಬಂದಿತ್ತು ಮಾರಾಯ್ತಿ!”

ಈಗ ನೀವೇ ಹೇಳಿ, ದುಬೈಗೆ ಯಾವುದು ಹತ್ತಿರ: ಕುಂಬ್ರವೋ, ಗುತ್ತಿಗಾರೋ?