ರಾಗಿಗೆ ಮುಚ್ಚಿದ ಪೆಟ್ಟಿಗೆ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಎಂಟನೇ ಕ್ಲಾಸಿನ ನಡುವೆ. ರಾಯಚೂರು ಕಡೆಯಿಂದ ಬಂದು, ಜೋಗುಪಾಳ್ಯದ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಹಲಸೂರಿನ ಒಂದು ಅಂಗಡಿಯಲ್ಲಿ ಗಾಜಿನಂಥ ಅಕ್ರಿಲಿಕ್ ಹಾಳೆ ಕೊಯ್ದು ಅಂಟಿಸುವುದನ್ನು ಕಲಿತೆ. ೨೦೦೩ರ ಹೊತ್ತಿಗೆ ನನ್ನದೇ ಅಂಗಡಿಯಿತ್ತು. ಬೋರ್ಡು, ಮೀನಿನ ತೊಟ್ಟಿ ಮಾಡುತ್ತಿದ್ದೆ. ಮಾಡಿಕೊಟ್ಟ ಮಾಲು ಒಂದೂ ವಾಪಸ್ ಬಂದಿರಲಿಲ್ಲ.

ಆ ವರ್ಷ ಸಂಶೋಧನೆ ಮಾಡುವ ಒಬ್ಬ ಹೆಣ್ಣುಮಗಳು ಬಂದರು. ರಾಗಿ ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಮುಚ್ಚಿ, ಬಿಸಿಲಿನಲ್ಲಿ ಅದು ಒಳಗಿನ ಗಾಳಿಯಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆಂದು ಅಳೆಯಬೇಕಂತೆ. ಗಾಳಿ ಎಲ್ಲೂ ಒಳಗೆ ಹೊರಗೆ ಆಡಬಾರದು ಎಂದರು. ಪೆಟ್ಟಿಗೆ ಮಾಡಿ, ತೊಟ್ಟಿಗೆ ಮಾಡುವಂತೆಯೇ ನೀರು ತುಂಬಿ ಇಡೀ ದಿನ ಬಿಟ್ಟೆ. ಒಂದು ಹನಿ ಇಳಿಯಲಿಲ್ಲ.

ವಾರದ ಮೇಲೆ ಫೋನು ಬಂತು. ಕೆ.ಆರ್. ಪುರದ ಆಚೆಯ ಹೊಲಕ್ಕೆ ಹೋದೆ. ರಾಗಿ ತೆನೆ ಒಡೆಯುತ್ತಿತ್ತು. ಅವರಿಗೆ ಬೇಕಿದ್ದದ್ದು ಆ ನಾಲ್ಕೈದು ದಿನದ ಲೆಕ್ಕವೇ. ತಪ್ಪಿದರೆ ಮುಂದಿನ ವರ್ಷದ ಪೈರಿಗೆ ಕಾಯಬೇಕು, ಸಂಶೋಧನೆಗೆ ಅವರಿಗೆ ಕೊಟ್ಟಿದ್ದ ಅವಧಿ ಅಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಅವರು ಪೆಟ್ಟಿಗೆ ಮುಚ್ಚಿ, ಉದ್ದ ವೈರಿನಿಂದ ಅದಕ್ಕೆ ಜೋಡಿಸಿದ್ದ, ಒಳಗಿನ ಅನಿಲ ಅಳೆಯುವ ಮೀಟರ್ ತೋರಿಸಿದರು. ಅಂಕಿ ಸ್ವಲ್ಪ ಇಳಿದು ನಿಂತಿತು.

“ಇಳೀತಾನೇ ಇರ್ಬೇಕಿತ್ತು. ಹೊರಗಿನ ಗಾಳಿ ಒಳಗೆ ಹೋಗ್ತಿದೆ.”

“ನನ್ನ ಜಾಯಿಂಟ್ ಲೀಕ್ ಆಗಲ್ಲ ಮೇಡಂ. ನಿಮ್ಮ ಮೀಟರ್ ನೋಡ್ಕೊಳ್ರಿ.”

“ಬೆಳಿಗ್ಗೆನೇ ನೋಡಿದೀನಿ. ಇದನ್ನ ತಗೊಂಡ್ಹೋಗಿ. ಪುಲಿಕೇಶಿನಗರದಲ್ಲಿ ಬೇರೆಯವರ ಹತ್ರ ಮಾಡಿಸ್ಕೋತೀನಿ.”

ಬದುವಿನ ಮೇಲೆ ಕೂತಿದ್ದ ಹೊಲದ ಯಜಮಾನರು ಕೇಳಿದರು: “ಇದ್ರಾಗೆ ಮೀನ್ ಸಾಕ್ತೀಯೇನಪ್ಪ? ನೀರೇ ಕಾಣೆ.”

ನನಗೆ ಕಿವಿ ಬಿಸಿಯಾಯಿತು. ಮಂಡಿಯೂರಿ, ಅಂಟಿಸಿದ ಅಂಚಿಗೆ ಮುಖ ಹತ್ತಿರ ತಂದು ಸುತ್ತ ತಡಕತೊಡಗಿದೆ. ಮೀಟರಿನ ಅಂಕಿ ಸರ್ರನೆ ಏರಿತು.

“ಅದು ನಿಮ್ಮ ಉಸಿರು,” ಎಂದರು ಅವರು. “ನಾವು ಹೊರಗೆ ಬಿಡೋದೂ ಇದೇ ಅನಿಲ. ಒಂದೊಂದೇ ಕಡೆ ನಿಧಾನಕ್ಕೆ ಊದಿ. ಎಲ್ಲಿ ಊದಿದ್ರೆ ಏರುತ್ತೋ ಅಲ್ಲೇ ತೂತು.”

ಪೆನ್ನಿನ ರೀಫಿಲ್ ತೆಗೆದು ಕೊಳವೆಯಲ್ಲಿ ಊದಿದೆ. ಮೊದಲ ಮೂಲೆ, ಏರಲಿಲ್ಲ. ಎರಡನೆಯದು, ಇಲ್ಲ. ನಾಲ್ಕೂ ಮೂಲೆ, ಎಲ್ಲ ಅಂಚು ಮುಗಿದವು. ನೋಡಿದ್ರಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪೆಟ್ಟಿಗೆಗೆ ಕೂರಿಸಿದ್ದ ನನ್ನ ಅಂಗಡಿಯ ಹೆಸರಿನ ಹಿತ್ತಾಳೆ ತಗಡು ಕಂಡಿತು. ಮಾಲು ಕೊಡುವ ಮುನ್ನ ಅದನ್ನು ಎರಡು ಸ್ಕ್ರೂ ಹಾಕಿ ಕೂರಿಸುವುದು ನನ್ನ ಪದ್ಧತಿ. ತೊಟ್ಟಿಯಲ್ಲಾದರೆ ನೀರು ಮುಟ್ಟದ ಮೇಲಂಚಿನಲ್ಲಿ. ಇಲ್ಲೂ ಹಾಗೇ, ನೀರಿನ ಪರೀಕ್ಷೆ ಮುಗಿದ ಮೇಲೆ, ಯೋಚನೆ ಮಾಡದೆ ತೂತು ಕೊರೆದಿದ್ದೆ.

ಅಲ್ಲಿ ಊದಿದೆ. ಅಂಕಿ ಹಾರಿತು.

“ಇದು ಯಾಕೆ ಬೇಕಿತ್ತು?”

“ಹೆಸರು, ಮೇಡಂ. ತಪ್ಪು ನಂದೇ.”

“ರಾಗಿಗೆ ಓದಕ್ ಬರಕಿಲ್ಲ ಕಣಪ್ಪ,” ಎಂದರು ಯಜಮಾನರು.

ತಗಡು ಕಿತ್ತು, ಚೀಲದಲ್ಲಿದ್ದ ಎರಡು ಅಕ್ರಿಲಿಕ್ ಚೂರಿಗೆ, ನಾವು ಅಂಟಾಗಿ ಬಳಸುವ ಕ್ಲೋರೋಫಾರ್ಮ್ ಹಚ್ಚಿ ತೂತುಗಳ ಮೇಲೆ ಒತ್ತಿ ಹಿಡಿದೆ. ಒಣಗಲು ಹೊತ್ತು ಬೇಕು. ಪಡುವಣದಿಂದ ಮೋಡ ಬರುತ್ತಿತ್ತು, ಬಿಸಿಲು ಹೋದರೆ ಆ ದಿನವೂ ಹೋದಂತೆ. ಅವರು ಗಡಿಯಾರ ನೋಡುತ್ತಿದ್ದರು, ನಾನು ನನ್ನ ಹೆಬ್ಬೆರಳು ನೋಡುತ್ತಿದ್ದೆ. ಸಡಿಲಿಸಿದರೆ ಚೂರು ಜಾರುತ್ತದೆ.

ಕೊನೆಗೆ ಮುಚ್ಚಿದೆವು. ಗಾಳಿ ನಮ್ಮ ಉಸಿರನ್ನು ಪೆಟ್ಟಿಗೆಯ ಕಡೆ ಒಯ್ಯದಂತೆ ಮೂವರೂ ಮೀಟರ್ ಹಿಡಿದು ಬದುವಿನಾಚೆ ಹೋಗಿ ನಿಂತೆವು. ಅಂಕಿ ಇಳಿಯಿತು. ಮೊದಲು ನಿಂತಿದ್ದ ಜಾಗ ದಾಟಿತು. ಮೋಡ ಬರುವತನಕ ಇಳಿಯುತ್ತಲೇ ಇತ್ತು.

ಅವರು ಬರೆದುಕೊಂಡು ಪುಸ್ತಕ ಮುಚ್ಚಿದರು. “ನಾಳೆ ಬೆಳಿಗ್ಗೆಗೆ ಇನ್ನೊಂದು ಬೇಕು. ಆಗುತ್ತಾ?”

“ಆಗುತ್ತೆ ಮೇಡಂ.”

ಈಗ ನನಗೆ ಹೊಸ ತಿಪ್ಪಸಂದ್ರದಲ್ಲಿ ಒಂದು ಅಂಗಡಿ, ಎರಡು ಕೊಯ್ಯುವ ಯಂತ್ರ, ಐದು ಜನ ಕೆಲಸಗಾರರು. ಹೊಲಗಳಿಗೆ ಹೋದ ಪೆಟ್ಟಿಗೆಗಳು ಮೂವತ್ತೊಂದು. ವಾಪಸ್ ಬಂದದ್ದು ಒಂದು, ಅದು ಎಮ್ಮೆ ತುಳಿದದ್ದು.